ಮ್ಯಾನೇಜರ್ ಜೀಪಿನ ಮೇಲೆ ಬಿದ್ದ ನೆರಳು

ಗಂಡಸೊಬ್ಬನನ್ನು ಬಸುರಿ ಮಾಡಿದ ಗಂಡು ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ಅದು ನಾನೇ. ನಗಬೇಡಿ, ಕುರ್ಚಿಯ ತುದಿಗೆ ಬಂದು ಕೂತುಕೊಳ್ಳಿ. ನನ್ನ ಹೆಸರು ಕುಬೇರ, ಊರವರ ಬಾಯಲ್ಲಿ ಸೀಟಿ ಕುಬೇರ. ಕುಕ್ಕರಿನ ವಿಶಲ್ ತಯಾರಿಸುವ ನಮ್ಮ ಕಾರ್ಖಾನೆಯ ಮ್ಯಾನೇಜರ್ ಧರಣೇಂದ್ರ, ದಪ್ಪ ಮೀಸೆಯ ಮನುಷ್ಯ, ಎರಡು ಮಕ್ಕಳ ತಂದೆ. ಅವರನ್ನು ಒಂದು ಸೋಮವಾರ ಬೆಳಿಗ್ಗೆ ಇಡೀ ಕಾರ್ಖಾನೆಯ ಎದುರಿಗೆ ಬಸುರಿ ಎಂದು ಸಾಬೀತು ಮಾಡಿದವನು ನಾನು. ಒಂದು ಏಟಿಲ್ಲ, ಒಂದು ಬೈಗುಳವಿಲ್ಲ. ಇಂಥ ಸೀನು ನಮ್ಮೂರ ಟಾಕೀಸಿನ ಪರದೆಯ ಮೇಲೂ ಬಂದಿಲ್ಲ, ಮುಂದೆ ಬಂದರೂ ನನಗೆ ಕೈಮುಗಿದೇ ಬರಬೇಕು.

ನಮ್ಮೂರಿನ ವಿಷಯ ನಿಮಗೆ ಗೊತ್ತೇ ಇರುತ್ತದೆ. ಗೊತ್ತಿಲ್ಲದಿದ್ದರೆ ಇಷ್ಟು ಸಾಕು: ಇಲ್ಲಿ ಬಸುರಿ ಹೆಂಗಸು ಬಂದಿಳಿದ ಗಾಡಿಯ ಮೇಲೆ ನೆರಳು ಬೀಳುತ್ತದೆ. ಮರ ಇರುವುದಿಲ್ಲ, ಮೋಡ ಇರುವುದಿಲ್ಲ, ಸುತ್ತಲೂ ನೆಲ ಕಾವಲಿಯಂತೆ ಕಾದಿರುತ್ತದೆ. ಆ ಗಾಡಿ ನಿಂತ ಕಡೆ ಮಾತ್ರ ಚಾಪೆ ಹಾಸಿದ ಹಾಗೆ ನೆರಳು. ಸ್ಕೂಟರಾದರೆ ಸ್ಕೂಟರಿನಷ್ಟು, ಎತ್ತಿನ ಗಾಡಿಯಾದರೆ ಎತ್ತಿನ ಗಾಡಿಯಷ್ಟು. ಅವಳು ಇಳಿದು ಒಳಗೆ ಹೋದರೂ ನೆರಳು ಹೋಗುವುದಿಲ್ಲ, ಸಂಜೆ ಬಂದು ಕೂರುವಾಗ ಸೀಟು ಸುಡದಿರಲಿ ಎಂದು ಅಲ್ಲೇ ಕಾಯುತ್ತದೆ. ನಡೆದು ಬಂದವಳಿಗೆ ಇದು ಸಿಗುವುದಿಲ್ಲ, ಗಾಡಿಯೇ ಆಗಬೇಕು. ಎಷ್ಟೋ ಸಲ ಹೆಂಗಸಿಗೆ ಗೊತ್ತಾಗುವ ಮೊದಲೇ ನೆರಳಿಗೆ ಗೊತ್ತಾಗಿರುತ್ತದೆ.

ಹಾಗಾಗಿ ನಮ್ಮಲ್ಲಿ ಕೆಲವು ಮರ್ಯಾದೆಗಳಿವೆ. ನೆರಳು ಬಿದ್ದ ಗಾಡಿಯ ಹತ್ತಿರ ನಿಂತು ತಲೆಯೆತ್ತಿ ಮೇಲೆ ನೋಡಬಾರದು, ಅದು ಬಚ್ಚಲುಮನೆಗೆ ಇಣುಕಿದ್ದಕ್ಕೆ ಸಮ. ಯಾರು, ಎಷ್ಟು ತಿಂಗಳು ಎಂದು ಕೇಳಬಾರದು. ಅಕ್ಕಪಕ್ಕದ ಗಾಡಿಯವರು ಸದ್ದಿಲ್ಲದೆ ಒಂದು ಮೊಳ ಸರಿಸಿಕೊಳ್ಳಬೇಕು. ಗೇಟಿಗೆ ಹತ್ತಿರದ ಜಾಗ ಯಾರದೋ ಅವರು ಮಾರನೆಯ ದಿನ ಅದನ್ನು ಖಾಲಿ ಬಿಡಬೇಕು, ಬಿಟ್ಟವನು ನಾನೇ ಎಂದು ಹೇಳಿಕೊಂಡು ತಿರುಗಬಾರದು. ಬಸ್ಸಿನ ಮೇಲೆ ಬಿದ್ದರೆ ಕಂಡಕ್ಟರು ಮುಂದಿನ ಸೀಟು ಬಿಡಿಸಿ, ಯಾರು ಬಂದು ಕೂತರೆಂದು ನೋಡದೆ, ಕಿಟಕಿಯ ಕಡೆ ಮುಖ ಮಾಡಿಕೊಂಡೇ ಟಿಕೆಟ್ ಹರಿಯುತ್ತಾನೆ. ಆಮೇಲೊಂದು ದಿನ ಅವಳೇ ಬಾಯಿಬಿಟ್ಟು ಹೇಳಿದರೆ, ಆಗ ಕೇಳಲು ಒಂದು ಮಾತಿದೆ: “ಸೀಟು ತಣ್ಣಗಿದೆಯಾ?” ಅವಳು “ತಣ್ಣಗಿದೆ” ಅನ್ನುತ್ತಾಳೆ. ಅಲ್ಲಿಗೆ ಮುಗಿಯಿತು. ಬೇರೆ ಊರುಗಳಲ್ಲಿ ಕೇಕು ಕತ್ತರಿಸಿ ಫೋಟೋ ತೆಗೆಸಿಕೊಳ್ಳುತ್ತಾರಂತೆ.

ನಮ್ಮ ಕಾರ್ಖಾನೆ ಊರ ಹೊರಗೆ, ರೈಲ್ವೆ ಗೇಟು ದಾಟಿದ ಮೇಲೆ, ಬಟ್ಟಬಯಲಿನಲ್ಲಿದೆ. ನನ್ನ ಕೆಲಸ ವಿಶಲ್ ಪರೀಕ್ಷೆ. ಹಬೆ ಬರುವ ಕೊಳವೆಗೆ ವಿಶಲ್ ಸಿಕ್ಕಿಸಬೇಕು, ಕೂಗು ಕೇಳಬೇಕು, ಚೆನ್ನಾಗಿ ಕೂಗಿದರೆ ಬಲಗಡೆಯ ಬುಟ್ಟಿ, ಕೀರಲು ಬಂದರೆ ಎಡಗಡೆಯದು. ಹಗಲೆಲ್ಲ ವಿಶಲ್ ಕೇಳುತ್ತೇನೆ, ಸಂಜೆ ಟಾಕೀಸಿಗೆ ಹೋಗಿ ನಾನೇ ವಿಶಲ್ ಹೊಡೆಯುತ್ತೇನೆ. ಗೇಟಿನ ಪಕ್ಕದ ಮೊದಲ ಜಾಗ ನನ್ನ ಕೆಂಪು ಬೈಕಿನದು. ಯಾರೂ ಕೊಟ್ಟಿದ್ದಲ್ಲ, ದಿನಾ ಎಲ್ಲರಿಗಿಂತ ಮುಂಚೆ ಬಂದು ಗೆದ್ದುಕೊಂಡಿದ್ದು. ಅಲ್ಲಿ ನನ್ನ ಎಂಟ್ರಿ ನೋಡಬೇಕು ನೀವು. ಧೂಳೆಬ್ಬಿಸಿ ಅರ್ಧ ಸುತ್ತು ತಿರುಗಿಸಿ, ಕಾಲು ಬೀಸಿ ಇಳಿದು, ಕಪ್ಪು ಕನ್ನಡಕ ತೆಗೆದು, ವಾಚ್‌ಮನ್ ಸಣ್ಣೇಗೌಡರ ಮುಖಕ್ಕೆ ದಿನಕ್ಕೊಂದು ಡೈಲಾಗ್ ಎಸೆಯುತ್ತಿದ್ದೆ.

“ಗೌಡ್ರೇ, ಸಿಂಹ ಬಂದಾಗ ಹಾಜರಿ ಕೂಗಲ್ಲ. ಕಾಡೇ ಎದ್ದು ನಿಂತ್ಕೊಳುತ್ತೆ!”

“ಸಿಂಹ ಹಲ್ಲುಜ್ಜಿ ಬಂದಿದೆಯೋ ಇಲ್ವೋ? ಸೈನ್ ಹಾಕು, ಒಳಗೆ ಹೋಗು.”

ಹೀಗೆ ನಡೆಯುತ್ತಿದ್ದಾಗ ಒಂದು ಬೆಳಿಗ್ಗೆ ಜುಬೇದಾ ಆಪಾ ಅವರ ಆಟೋ ಮೇಲೆ ನೆರಳು ಬಿತ್ತು.

ಬಿದ್ದದ್ದು ತೊಂದರೆಯಲ್ಲ, ಬೀಳುತ್ತಲೇ ಇರುತ್ತದೆ. ತೊಂದರೆ ಏನೆಂದರೆ ಆ ಆಟೋದಲ್ಲಿ ನಾಲ್ಕು ಜನ ಬರುತ್ತಿದ್ದರು. ಓಡಿಸುವವರು ಜುಬೇದಾ ಆಪಾ, ಪ್ಯಾಕಿಂಗಿನವರು, ಮೂರು ಮಕ್ಕಳ ತಾಯಿ. ಹಿಂದೆ ಕೂರುವವರಲ್ಲಿ ಒಬ್ಬರು ಪ್ರೆಸ್ ವಿಭಾಗದ ಕಸ್ತೂರಕ್ಕ, ಮದುವೆಯಾಗಿ ಬಹಳ ವರ್ಷವಾಗಿ ಮಕ್ಕಳಿಲ್ಲದವರು. ಇನ್ನೊಬ್ಬಳು ಆಫೀಸಿನಲ್ಲಿ ಟೈಪ್ ಮಾಡುವ ಹೇಮಲತಾ, ಇನ್ನೂ ಮದುವೆಯಾಗದವಳು. ಮಗದೊಬ್ಬರು ಕ್ಯಾಂಟೀನಿನ ಪುಟ್ಟತಾಯಮ್ಮ, ಮೊಮ್ಮಕ್ಕಳನ್ನು ಶಾಲೆಗೆ ಕಳಿಸಿ ಬರುವ ವಿಧವೆ. ನಾಲ್ವರಿಗೆ ಒಂದು ನೆರಳು.

ಮೊದಲಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಯಾರಾದರೇನು, ಜಾಗ ಬಿಟ್ಟರಾಯಿತು. ಆದರೆ ಆ ವಾರ ಕಾರ್ಖಾನೆಯ ಗಾಳಿಯೇ ಬೇರೆಯಿತ್ತು. ಪ್ರೆಸ್ ವಿಭಾಗದ ಸೂಪರ್‌ವೈಸರ್ ನಿವೃತ್ತಿಯಾಗಿದ್ದರು. ಆ ಜಾಗ ಕಸ್ತೂರಕ್ಕನಿಗೇ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು, ಸೋಮವಾರ ಕಾರ್ಖಾನೆಯ ಮಾಲೀಕರಾದ ಸಾಹುಕಾರರು ರೈಲಿನಲ್ಲಿ ಬಂದು ಹೇಳುವುದಿತ್ತು. ಅಷ್ಟರಲ್ಲಿ ಹೊಸ ಮ್ಯಾನೇಜರ್ ಧರಣೇಂದ್ರ ಅವರು ಹೊರಗಿನಿಂದ ಒಬ್ಬನನ್ನು ಕರೆಸುತ್ತಾರೆ ಎಂಬ ಗುಸುಗುಸು ಹುಟ್ಟಿತು. ಹಾಗಾಗಿ ಆಟೋ ಮೇಲೆ ನೆರಳು ಬಿದ್ದಾಗ ಯಾರೂ ಗಾಡಿ ಸರಿಸಲಿಲ್ಲ. ಎಲ್ಲರೂ ಅದನ್ನು ನೋಡಿ, ಆಮೇಲೆ ಒಬ್ಬರನ್ನೊಬ್ಬರು ನೋಡಿ, ಒಳಗೆ ಹೋದರು.

ಮಾರನೆಯ ದಿನ ಸಣ್ಣೇಗೌಡರು ನನ್ನ ಬೈಕಿನ ಹತ್ತಿರ ಬಂದು ಕೆಮ್ಮಿದರು. ಮೊದಲ ಜಾಗ ನನ್ನದಲ್ಲವೇ, ಖಾಲಿ ಮಾಡಬೇಕಾದವನು ನಾನು.

“ಯಾರಿಗೆ ಅಂತ ಹೇಳಿ, ಈಗಲೇ ಬಿಡ್ತೀನಿ,” ಅಂದೆ. “ಹೆಸರಿಲ್ಲದೆ ಹೋರಾಟ ಮಾಡೋನಲ್ಲ ಈ ಕುಬೇರ.”

“ಹೆಸರು ಕೇಳ್ಕೊಂಡು ಜಾಗ ಬಿಟ್ಟೋರ್ನ ನಾನು ನೋಡಿಲ್ಲ ಕಣಪ್ಪ,” ಅಂದು ಗೌಡರು ಸ್ಟೂಲಿಗೆ ಹೋಗಿ ಕೂತರು.

ಅವತ್ತೇ ಮ್ಯಾನೇಜರ್ ನನ್ನನ್ನು ಕರೆಸಿದರು. ಧರಣೇಂದ್ರ ಅವರು ಹೊರ ಊರಿನವರು, ಬಂದು ಎರಡು ತಿಂಗಳಾಗಿರಬೇಕು. ಯಾರಿಗೂ ಗದರುವವರಲ್ಲ. ಎದುರು ಸಿಕ್ಕವರಿಗೆಲ್ಲ “ಊಟ ಆಯ್ತಾ” ಎಂದು ಕೇಳುತ್ತಿದ್ದರು, ಬೆಳಿಗ್ಗೆ ಒಂಬತ್ತಕ್ಕೂ. ಅಷ್ಟು ನಗುವ ಮನುಷ್ಯನನ್ನು ಸಿನಿಮಾದಲ್ಲಿ ಎರಡನೇ ರೀಲಿನಲ್ಲೇ ಗುರುತು ಹಿಡಿಯುತ್ತೇನೆ ನಾನು. ಆದರೆ ಕುರ್ಚಿ ತೋರಿಸಿ ಕೂತ್ಕೋ ಎಂದರೆ ಯಾರಿಗೆ ತಾನೆ ಅನುಮಾನ ಉಳಿಯುತ್ತದೆ?

“ಕುಬೇರ, ನಿಮ್ಮೂರಿನ ಸಿಸ್ಟಮ್ ಬಹಳ ಚೆನ್ನಾಗಿದೆ ಕಣಯ್ಯ. ಡಾಕ್ಟ್ರು ಬೇಡ, ಟೆಸ್ಟ್ ಬೇಡ. ಅಲ್ವಾ?”

“ಹೌದು ಸಾರ್.”

“ನನಗೆ ಕೆಟ್ಟ ಉದ್ದೇಶ ಏನಿಲ್ಲ. ಆ ಹೆಣ್ಮಗಳಿಗೆ ಒಂದು ಒಳ್ಳೆ ಪಾರ್ಕಿಂಗ್ ಮಾಡಿಕೊಡೋಣ ಅಂತ. ಮೇಲೆ ಶೀಟು ಹಾಕಿಸಿ, ‘ಗರ್ಭಿಣಿಯರಿಗೆ ಮೀಸಲು’ ಅಂತ ಬೋರ್ಡು ನಿಲ್ಲಿಸ್ತೀನಿ. ಆದ್ರೆ ಯಾರು ಅಂತ ಗೊತ್ತಾಗಬೇಕಲ್ಲ?” ಪೇಪರ್‌ವೇಟು ತಿರುಗಿಸಿದರು. “ಸೂಪರ್‌ವೈಸರ್ ವಿಷಯ ಬೇರೆ ಇದೆ. ಹಬ್ಬದ ಸೀಸನ್ನಲ್ಲಿ ಆರು ತಿಂಗಳು ರಜಾ ಹಾಕಿದ್ರೆ ಪ್ರೆಸ್ ಯಾರು ನಡೆಸ್ತಾರೆ? ಸುಮ್ನೆ, ಮಾತಿಗೆ ಹೇಳ್ದೆ.”

ಆ “ಸುಮ್ನೆ” ಇತ್ತಲ್ಲ, ಇಡೀ ಮಾತಿನಲ್ಲಿ ಸುಮ್ಮನೆ ಬಂದಿರದ ಪದ ಅದೊಂದೇ.

“ನೀನು ಚುರುಕು ಹುಡುಗ. ಸ್ವಲ್ಪ ಕಣ್ಣಿಟ್ಟಿರು. ಗೇಟ್ ಪಕ್ಕದ ಜಾಗ ಇದೆಯಲ್ಲ, ಅಲ್ಲಿ ನಿನ್ನ ಹೆಸರೇ ಪೇಂಟ್ ಮಾಡಿಸ್ತೀನಿ.”

ಕಲ್ಪಿಸಿಕೊಳ್ಳಿ. ನೆಲದ ಮೇಲೆ ಹಳದಿ ಬಣ್ಣದಲ್ಲಿ ಕುಬೇರ. ಪಕ್ಕದಲ್ಲಿ ಒಂದು ನಕ್ಷತ್ರ ಹಾಕಿಸಬಹುದೇ ಎಂದು ಕೇಳಬೇಕೆನಿಸಿತು.

“ಸಾರ್, ಈ ಕುಬೇರ ಕಣ್ಣಿಟ್ಟ ಅಂದ್ರೆ ಇರುವೇನೂ ಅಡ್ರೆಸ್ ಕೊಟ್ಟೇ ಮುಂದೆ ಹೋಗೋದು,” ಎಂದು ಕನ್ನಡಕ ಏರಿಸಿ ಹೊರಬಿದ್ದೆ. ಬಾಗಿಲು ಎಳೆಯುವುದರ ಬದಲು ತಳ್ಳಿ ಹಣೆಗೆ ಬಡಿಸಿಕೊಂಡೆ, ಅದು ಬೇರೆ ಮಾತು.

ಪತ್ತೇದಾರಿಕೆ ಶುರು ಮಾಡಿದೆ. ಮಧ್ಯಾಹ್ನದ ಊಟಕ್ಕೆ ಆ ನಾಲ್ವರೂ ಕ್ಯಾಂಟೀನಿನ ಹಿಂದಿನ ಕಟ್ಟೆಯಲ್ಲಿ ಒಟ್ಟಿಗೆ ಕೂರುತ್ತಿದ್ದರು. ನಾನು ಮಾವಿನಕಾಯಿ ಹೋಳು ಮಾಡಿ, ಉಪ್ಪು ಖಾರ ಉದುರಿಸಿ, ತಟ್ಟೆ ಹಿಡಿದು ಹೋದೆ. ಯಾರ ಬಾಯಲ್ಲಿ ಮೊದಲು ನೀರೂರುತ್ತದೋ ಅವಳೇ. ಸಿನಿಮಾದಲ್ಲಿ ಈ ಪರೀಕ್ಷೆ ಒಮ್ಮೆಯೂ ಫೇಲಾಗಿಲ್ಲ.

“ಏನ್ಲಾ, ಎಂಜಲು ಕೈಲಿ ಕಾಗೆನೂ ಓಡಿಸದವ್ನು ಇವತ್ತು ಮಾವಿನಕಾಯಿ ಹಂಚ್ತಾ ಇದೀಯ?” ಅಂದರು ಪುಟ್ಟತಾಯಮ್ಮ.

“ಪ್ರೀತಿ ಅಜ್ಜಿ, ಪ್ರೀತಿ.”

“ಹಂಗಾರೆ ಇನ್ನೆರಡು ಹೋಳು ಹಾಕು ಪ್ರೀತಿನ. ಉಪ್ಪು ಕಮ್ಮಿ ಅದೆ.”

ಎಲ್ಲರಿಗಿಂತ ಹೆಚ್ಚು ತಿಂದವರು ಪುಟ್ಟತಾಯಮ್ಮನೇ. ಜುಬೇದಾ ಆಪಾ ಹಲ್ಲು ಚುಳ್ ಎನ್ನುತ್ತದೆ ಎನ್ನುತ್ತಲೇ ನಾಲ್ಕು ತಿಂದರು. ಹೇಮಲತಾ ಖಾರ ಸಾಲದು ಎಂದಳು. ಕಸ್ತೂರಕ್ಕ ಮಾತ್ರ ಒಂದು ಹೋಳು ಎತ್ತಿಕೊಂಡು, ನನ್ನ ಮುಖ ನೋಡಿ, ಮತ್ತೆ ತಟ್ಟೆಯಲ್ಲಿಟ್ಟರು. ತಿಂದವರ ಮೇಲೆ ತಿಂದರೆಂದು ಅನುಮಾನ ಬಂತು, ತಿನ್ನದವರ ಮೇಲೆ ಯಾಕೆ ತಿನ್ನಲಿಲ್ಲವೆಂದು. ಸಂಜೆಯ ಹೊತ್ತಿಗೆ ಜುಬೇದಾ ಆಪಾ ರೋಡ್ ಹಂಪಿನ ಮೇಲೆ ಆಟೋ ನಿಧಾನ ಮಾಡಿದ್ದೂ ಅನುಮಾನವಾಯಿತು, ಹೇಮಲತಾ ಆಕಳಿಸಿದ್ದೂ ಅನುಮಾನವಾಯಿತು. ಪುಟ್ಟತಾಯಮ್ಮ ಸಾರಿನ ಪಾತ್ರೆ ಎತ್ತುವಾಗ ಸೊಂಟ ಹಿಡಿದುಕೊಂಡರಲ್ಲ ಎಂದು ಅರ್ಧ ಗಂಟೆ ಯೋಚಿಸಿದೆ.

ಹುಚ್ಚು ನನಗೊಬ್ಬನಿಗೇ ಇರಲಿಲ್ಲ. ಪಾಲಿಶ್ ವಿಭಾಗದ ಇಬ್ಬರು ಆಟೋ ಪಕ್ಕ ನಿಂತು ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು. ಹಾಡುಹಗಲು, ಎಲ್ಲರ ಎದುರಿಗೆ. ಹಾಗೆ ನೋಡಿದವರನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಮೇಲೆ ಏನೂ ಇರಲಿಲ್ಲವಂತೆ. ಹೆಂಗಸರ ವಾಂತಿ, ತೇಗು, ತಲೆನೋವು ಎಲ್ಲಕ್ಕೂ ಕಿವಿ ಹುಟ್ಟಿಕೊಂಡವು. ಯಾರೋ ಹೇಮಲತಾಳ ಮನೆಗೇ ಹೋಗಿ, ಅವಳ ತಾಯಿಯನ್ನು ಹೊಸಿಲಿಗೆ ಕರೆದು, “ಮಗಳ ಸೀಟು ತಣ್ಣಗಿದೆಯಾ?” ಎಂದು ಕೇಳಿ ಬಂದರಂತೆ. ಮಾರನೆಯ ದಿನ ಹೇಮಲತಾ ಊದಿದ ಕಣ್ಣಿನಲ್ಲಿ ಬಂದು ಟೈಪ್ ಮಾಡಿದಳು. ಟೈಪಿನ ಸದ್ದು ನನ್ನ ವಿಶಲ್ ಬೆಂಚಿನವರೆಗೂ ಕೇಳುತ್ತಿತ್ತು, ಒಂದೊಂದು ಅಕ್ಷರಕ್ಕೂ ಯಾರದೋ ಕೆನ್ನೆಗೆ ಹೊಡೆದಂತೆ.

ಶನಿವಾರ ಮ್ಯಾನೇಜರ್ ಎಲ್ಲರನ್ನೂ ಅಂಗಳದಲ್ಲಿ ಸೇರಿಸಿದರು. ಹೊಸ ಬೋರ್ಡು ಆಗಲೇ ನಿಂತಿತ್ತು. ನಗುತ್ತಾ ಹೇಳಿದರು: “ಬಾಡಿಗೆ ಗಾಡಿಗಳು ಕಾಂಪೌಂಡ್ ಒಳಗೆ ಬರೋದು ನಿಯಮ ಅಲ್ಲ. ಅದಕ್ಕೆ ಸೋಮವಾರದಿಂದ ಆ ಆಟೋ ಒಳಗೆ ಬರೋ ಹಾಗಿಲ್ಲ. ಅದರಲ್ಲಿ ಬರ್ತಿದ್ದೋರು ಬೇರೆ ಗಾಡೀಲಿ ಬರಬೇಕು. ಊಟ ಆಯ್ತಾ ಎಲ್ರುದೂ?”

ಆಮೇಲೆ ನನ್ನ ಹೆಗಲ ಮೇಲೆ ಕೈ ಹಾಕಿ ಪಿಸುಗುಟ್ಟಿದರು: “ನಾಲ್ಕು ಜನ, ನಾಲ್ಕು ಗಾಡಿ. ಇನ್ನು ನೆರಳೇ ಸಾಕ್ಷಿ ಹೇಳುತ್ತೆ. ಸಾಹುಕಾರ್ರು ಬರೋ ಹೊತ್ತಿಗೆ ಸರಿಯಾಗಿ.”

ಒಂದು ಕ್ಷಣ ಚಪ್ಪಾಳೆ ತಟ್ಟಬೇಕು ಅನ್ನಿಸಿತು. ಖಳನಾಯಕನ ಪ್ಲ್ಯಾನು ಅಂದರೆ ಹೀಗಿರಬೇಕು. ಎರಡನೇ ಕ್ಷಣಕ್ಕೆ, ನಾನು ಅವನ ಪಕ್ಕದಲ್ಲಿ ನಿಂತಿದ್ದೇನೆ ಎಂಬುದು ಗೊತ್ತಾಯಿತು.

ಸಂಜೆ ಬೆಂಚು ಒರೆಸುತ್ತಿದ್ದೆ. ಕಸ್ತೂರಕ್ಕ ಬಂದು ಎದುರಿಗೆ ನಿಂತರು. ಬುಟ್ಟಿಯಿಂದ ಒಂದು ವಿಶಲ್ ಎತ್ತಿಕೊಂಡು ಬೆರಳಲ್ಲಿ ಉರುಳಿಸಿದರು.

“ಮ್ಯಾನೇಜರ್‌ಗೆ ಏನು ಹೇಳ್ದೆ?”

“ಏನೂ ಇಲ್ಲಕ್ಕ. ಗೊತ್ತಾದ್ರೆ ತಾನೆ ಹೇಳೋಕೆ?”

“ಗೊತ್ತಾಗಿದ್ರೆ ನೀನು ಹೇಳ್ತಿದ್ದೆ.”

ನನ್ನ ಬಳಿ ಎಲ್ಲ ಸಂದರ್ಭಕ್ಕೂ ಡೈಲಾಗಿದೆ. ಆಗ ಮಾತ್ರ ಒರೆಸಿದ ಬೆಂಚನ್ನೇ ಮತ್ತೆ ಒರೆಸಿದೆ.

“ನೋಡು ಕುಬೇರ. ಆ ಪ್ರೆಸ್ ಮೆಷಿನ್ ಎಲ್ಲಿ ಕೆಮ್ಮುತ್ತೆ, ಎಲ್ಲಿ ಮುನಿಸ್ಕೊಳುತ್ತೆ ನಂಗೊತ್ತು. ಈ ಕೆಲಸ ನಂಗೆ ಬರಬೇಕು. ಬರ್ದೆ ಹೋದ್ರೆ, ಕಸ್ತೂರಿ ಕೈ ಸರಿಯಿಲ್ಲ ಅಂತ ಬರ್ದೆ ಹೋಗ್ಲಿ. ಒಪ್ಕೋತೀನಿ. ಹೊಟ್ಟೆ ನೋಡಿ ತಪ್ಪಿಸಬಾರ್ದು. ಅದು ನನ್ನ ಹೊಟ್ಟೆ ಆದ್ರೂ ಅಷ್ಟೆ, ಇನ್ನೊಬ್ಬಳದಾದ್ರೂ ಅಷ್ಟೆ.”

“ಹಾಗಾದ್ರೆ ಸೋಮವಾರ ನಡ್ಕೊಂಡು ಬಂದ್ಬಿಡಿ ಅಕ್ಕ. ಗಾಡಿ ಇಲ್ದಿದ್ರೆ ನೆರಳೂ ಇಲ್ಲ.”

“ಈ ಬಿಸಿಲಲ್ಲಿ, ರೈಲ್ವೆ ಗೇಟಿಂದಾಚೆ ಅಷ್ಟು ದೂರ, ಬಸುರಿನ ನಡೆಸ್ಕೊಂಡು ಬರ್ಲಾ? ಅದೂ ಅಲ್ದೆ, ನಡೆದು ಬಂದೋಳೇ ಅವಳು ಅಂತ ಅವ್ರಿಗೆ ಗೊತ್ತಾಗಲ್ವಾ?”

ಆಗ ನಾನು ಕೇಳಬಾರದ್ದನ್ನು ಕೇಳಿಬಿಟ್ಟೆ. “ನೀವೇನಾ ಅಕ್ಕ?”

ಕಸ್ತೂರಕ್ಕ ಕೈಯಲ್ಲಿದ್ದ ವಿಶಲನ್ನು ಕೊಳವೆಗೆ ಸಿಕ್ಕಿಸಿ ಹಬೆ ಬಿಟ್ಟರು. ಅದು ಕೂಗಿತು, ಕೂಗುತ್ತಲೇ ಇತ್ತು. ನಿಲ್ಲಿಸಿದ ಮೇಲೆ ಕಿವಿಯಲ್ಲಿ ಗುಂಯ್ ಎಂದು ಉಳಿಯಿತು.

“ನಿಮ್ಮಮ್ಮ ನಿನ್ನ ಹೊತ್ತಾಗ ನಿಮ್ಮಪ್ಪನ ಸೈಕಲ್ ಮೇಲೆ ನೆರಳು ಬಿದ್ದಿತ್ತು ಕಣೋ. ಸಂತೆ ಮೈದಾನದಲ್ಲಿ. ನಾನಾಗ ಲಂಗ ಹಾಕ್ಕೊಂಡು ಓಡಾಡ್ತಿದ್ದೆ. ಸಂತೆಗೆ ಬಂದಿದ್ದ ಸೈಕಲ್ಗಳೆಲ್ಲ ಒಂದೊಂದೇ ಪಕ್ಕಕ್ಕೆ ಸರಿದವು. ಯಾರೂ ಏನೂ ಕೇಳ್ಲಿಲ್ಲ.” ವಿಶಲನ್ನು ಬಲಗಡೆಯ ಬುಟ್ಟಿಗೆ ಹಾಕಿ ಹೊರಟುಹೋದರು.

ಇಲ್ಲಿಂದ ಹೀರೋ ಎದ್ದ ನೋಡಿ. ಯೋಚನೆ ಮಾಡಿದೆ. ಅಂಗಳದಲ್ಲಿ ಪ್ಯಾಕಿಂಗ್ ಶೆಡ್ಡಿನ ಗೋಡೆಗೆ ತಾಗಿಕೊಂಡೇ ಮ್ಯಾನೇಜರರ ಬಿಳಿ ಜೀಪು ನಿಲ್ಲುವುದು. ಮೇಲೆ ಶೆಡ್ಡಿನ ತಾರಸಿ, ನೀರಿನ ಟ್ಯಾಂಕು. ಅಲ್ಲಿಂದ ಎದುರಿನ ದೀಪದ ಕಂಬಕ್ಕೆ ಒಂದು ಕಪ್ಪು ಬಟ್ಟೆ ಕಟ್ಟಿದರೆ ಜೀಪಿನಗಲ ನೆರಳು ಬೀಳುತ್ತದೆ. ನೆರಳು ಮ್ಯಾನೇಜರ್ ಮೇಲೂ ಬೀಳುತ್ತದೆ ಅಂದಮೇಲೆ ಇನ್ನು ಯಾರ ಮೇಲೆ ಬಿದ್ದರೆ ಯಾವ ಸಾಕ್ಷಿ? ಬಟ್ಟೆ ಯಾರಿಗಾದರೂ ಕಾಣಿಸುವುದಿಲ್ಲವೇ ಎಂದು ನೀವು ಕೇಳಬಹುದು. ನಮ್ಮೂರಿನಲ್ಲಿ ನೆರಳು ಬಿದ್ದರೆ ಮೇಲೆ ನೋಡುವಂತಿಲ್ಲ. ಆ ಇಬ್ಬರು ಪಾಲಿಶಿನವರು ನೋಡಿದ್ದು ನಿಜ, ಆದರೆ ಸಾಹುಕಾರರ ಎದುರಿಗೆ ಕತ್ತೆತ್ತುವ ಧೈರ್ಯ ಅವರಿಗೂ ಬರುವುದಿಲ್ಲ. ಮರ್ಯಾದೆಯನ್ನೇ ಬಳಸಿ ಮಾಡುವ ಮೋಸ. ಈ ತಲೆಗೆ ಒಂದು ಹಾರ ಹಾಕಿ.

ಟಾಕೀಸಿನ ಬಾಗಿಲಿಗೆ ಬಿಡುವ ಹಳೆಯ ಕಪ್ಪು ಪರದೆಯನ್ನು ಕೇಳಿ ತಂದೆ. ಸೋಮವಾರ ಬೆಳಕು ಹರಿಯುವ ಮೊದಲೇ ತಾರಸಿಗೆ ಹತ್ತಿ, ಒಂದು ತುದಿಯನ್ನು ಟ್ಯಾಂಕಿನ ಪೈಪಿಗೆ ಕಟ್ಟಿ, ಇನ್ನೊಂದು ತುದಿಯ ಹಗ್ಗವನ್ನು ಕಂಬಕ್ಕೆ ಸುತ್ತಿ ತಂದು ಕೈಯಲ್ಲಿ ಹಿಡಿದು ಮಲಗಿದೆ. ಕೆಳಗೆ ಅಂಗಳ ತುಂಬಿತು. ಎಲ್ಲರೂ ಬರುವ ಗಾಡಿಗಳನ್ನೇ ಎಣಿಸುವಂತೆ ನೋಡುತ್ತಿದ್ದರು. ನಾಲ್ವರಲ್ಲಿ ಒಬ್ಬರೂ ಬಂದಿರಲಿಲ್ಲ. ಆಗ ಜೀಪು ಒಳಗೆ ಬಂತು. ಗೋಡೆಗೆ ತಾಗಿ ನಿಂತಿತು. ಮುಂದಿನಿಂದ ಸಾಹುಕಾರರು ಇಳಿದರು, ಬಿಳಿ ಪಂಚೆ, ಬೆತ್ತ. ಸ್ಟೇರಿಂಗ್ ಕಡೆಯಿಂದ ಮ್ಯಾನೇಜರ್ ಇಳಿದರು. ನಾನು ಉಸಿರು ಬಿಗಿಹಿಡಿದು ಹಗ್ಗ ಎಳೆದೆ.

ನೆರಳು ಬಿತ್ತು. ಜೀಪಿನ ಮೇಲೆ, ಬಾನೆಟ್ಟಿನಿಂದ ಹಿಂದಿನ ಚಕ್ರದವರೆಗೆ, ಅಚ್ಚು ಒತ್ತಿದ ಹಾಗೆ.

ಎಲ್ಲರ ತಲೆಯೂ ನೆಲದ ಕಡೆ. ಮ್ಯಾನೇಜರ್ ಒಮ್ಮೆ ಜೀಪು ನೋಡಿದರು, ಒಮ್ಮೆ ತಮ್ಮ ಹೊಟ್ಟೆ ನೋಡಿಕೊಂಡರು. ಸಾಹುಕಾರರು ಬೆತ್ತದಿಂದ ನೆರಳಿನ ಅಂಚು ಮುಟ್ಟಿ, ಮ್ಯಾನೇಜರರ ಕಡೆ ತಿರುಗಿ, ಮುಖದ ಒಂದು ಗೆರೆಯೂ ಕದಲದ ಹಾಗೆ ಕೇಳಿದರು:

“ಏನ್ರಿ ಧರಣೇಂದ್ರಯ್ಯ, ಸೀಟು ತಣ್ಣಗಿದೆಯಾ?”

ಮೊದಲು ನಕ್ಕವರು ಸಣ್ಣೇಗೌಡರು. ಆಮೇಲೆ ಪ್ರೆಸ್ಸಿನವರು, ಪಾಲಿಶಿನವರು, ಪ್ಯಾಕಿಂಗಿನವರು. ಬಾಯ್ಲರ್ ಒಡೆದ ಹಾಗೆ ನಗು. ಮ್ಯಾನೇಜರ್ ಕೂಡ ಅಭ್ಯಾಸಬಲದಿಂದ ನಕ್ಕರು, ಆಮೇಲೆ ನಿಲ್ಲಿಸಿದರು. ನಗು ಇಳಿದ ಮೇಲೆ ಸಾಹುಕಾರರು ಹೊಸ ಬೋರ್ಡಿನ ಕಡೆ ಬೆತ್ತ ತೋರಿಸಿದರು. “ಇದನ್ನ ಕಿತ್ತಾಕ್ಸಿ. ಈ ಊರಲ್ಲಿ ನೆರಳು ಬಿದ್ರೆ ಯಾರು ಅಂತ ಕೇಳಲ್ಲ ಕಣ್ರಿ. ಜಾಗ ಬಿಡ್ತಾರೆ. ಆ ಆಟೋನೂ ಒಳಗೆ ಬರ್ಲಿ.” ಮಧ್ಯಾಹ್ನ ಊಟಕ್ಕೆ ಮುಂಚೆ ಕಸ್ತೂರಕ್ಕ ಪ್ರೆಸ್ ವಿಭಾಗದ ಸೂಪರ್‌ವೈಸರ್ ಆದರು. ಹೊರಗಿನಿಂದ ಯಾರೂ ಬರಲಿಲ್ಲ.

ಇಲ್ಲಿಗೆ ಪರದೆ ಇಳಿಸಿದರೆ ನಾನು ಹೀರೋ. ಟಾಕೀಸಿನಲ್ಲಿ, ಕಟಿಂಗ್ ಶಾಪಿನಲ್ಲಿ, ಅತ್ತೆಯ ಮಗನ ಮದುವೆಯಲ್ಲಿ, ಎಲ್ಲ ಕಡೆ ಇಲ್ಲಿಗೇ ನಿಲ್ಲಿಸಿದ್ದೇನೆ. ನಿಮ್ಮ ಮುಂದೆಯೂ ನಿಲ್ಲಿಸುತ್ತಿದ್ದೆ. ಆದರೆ ನೀವು ಇಷ್ಟು ಹೊತ್ತು ಒಂದು ಪ್ರಶ್ನೆಯನ್ನೂ ಕೇಳದೆ ಕೂತಿದ್ದೀರಿ, ನಮ್ಮೂರವರ ಹಾಗೆ. ಅದಕ್ಕೇ ಹೇಳುತ್ತೇನೆ.

ಹಗ್ಗ ಎಳೆದದ್ದು ನಿಜ. ಪರದೆ ಬಿಚ್ಚಿಕೊಳ್ಳಲಿಲ್ಲ. ಅದು ಎಷ್ಟು ವರ್ಷದ ಧೂಳು ಕುಡಿದಿತ್ತೋ, ಗಂಟು ಗಂಟಾಗಿ ನನ್ನ ಮೇಲೇ ಬಿತ್ತು. ಕೊಡವಿಕೊಳ್ಳಲು ಹೋಗಿ ಕಾಲಿಗೆ ಸುತ್ತಿಕೊಂಡು, ತಾರಸಿಯ ಅಂಚಿನಿಂದ ಜಾರಿ, ಟ್ಯಾಂಕಿನ ಪೈಪನ್ನು ತಬ್ಬಿಕೊಂಡು ನೇತಾಡಿದೆ. ಯಾರೂ ಮೇಲೆ ನೋಡಲಿಲ್ಲ ಎಂದೆನಲ್ಲ, ನೋಡಿದ್ದರೆ ಕಾಣಿಸುತ್ತಿದ್ದದ್ದು ಟಾಕೀಸಿನ ಪರದೆ ಸುತ್ತಿಕೊಂಡು ಬಾವಲಿಯಂತೆ ತೂಗುತ್ತಿದ್ದ ಸೀಟಿ ಕುಬೇರ. ಹಾಗೆ ತೂಗುತ್ತಲೇ ಕೆಳಗೆ ನೋಡಿದೆ. ಜೀಪಿನ ಮೇಲೆ ನೆರಳಿತ್ತು. ನನಗೂ ಅದಕ್ಕೂ ನಡುವೆ ಬರೀ ಬಿಸಿಲು. ನನ್ನ ಮೇಲೂ ಬಿಸಿಲು. ನನ್ನ ಬೆನ್ನು ಸುಡುತ್ತಿತ್ತು, ಕೆಳಗೆ ಅದು ತನ್ನ ಪಾಡಿಗೆ ತಾನು ತಣ್ಣಗೆ ಮಲಗಿತ್ತು. ಯಾರದೋ ನಿದ್ದೆಯನ್ನು ಇಣುಕಿ ನೋಡಿದಂತಾಗಿ ಕಣ್ಣು ಮುಚ್ಚಿಕೊಂಡೆ.

ಎಲ್ಲರೂ ಒಳಗೆ ಹೋದ ಮೇಲೆ ಸಣ್ಣೇಗೌಡರು ಏಣಿ ತಂದರು.

“ಸಿಂಹ ಇಳೀತದಾ, ಇಲ್ಲಾ ಕಾಡನ್ನೇ ಮೇಲಕ್ಕೆ ಕಳಿಸ್ಲಾ?”

“ಗೌಡ್ರೇ, ಜೀಪಲ್ಲಿ ಯಾರು ಬಂದ್ರು?”

“ನಾನು ಗೇಟ್ ನೋಡೋನು. ಜೀಪ್ ಒಳಗೆ ನೋಡೋನಲ್ಲ,” ಎಂದು ಗೌಡರು ಏಣಿ ಹಿಡಿದುಕೊಂಡು ಬೇರೆ ಕಡೆ ಮುಖ ತಿರುಗಿಸಿದರು.

ಹೇಳಿದ್ದು ಪುಟ್ಟತಾಯಮ್ಮ, ಊಟದ ಹೊತ್ತಿಗೆ, ಎರಡು ಸಲ ಸಾರು ಬಡಿಸಿದ ಮೇಲೆ. ಆ ಬೆಳಿಗ್ಗೆ ನಾಲ್ವರೂ ಆಟೋವನ್ನು ರೈಲ್ವೆ ಗೇಟಿನ ಆಚೆ ನಿಲ್ಲಿಸಿ ಕಾದಿದ್ದರಂತೆ. ಸಾಹುಕಾರರನ್ನು ಸ್ಟೇಷನ್ನಿನಿಂದ ಕರೆತರುವ ಜೀಪು ಅದೇ ದಾರಿಯಲ್ಲಿ ಬರಬೇಕು, ಗೇಟು ಹಾಕಿದಾಗ ನಿಲ್ಲಲೇಬೇಕು. ನಿಂತ ಕೂಡಲೇ ಪುಟ್ಟತಾಯಮ್ಮ ಸಾಹುಕಾರರ ಕಿಟಕಿಗೆ ಹೋಗಿ ಕೈಮುಗಿದಿದ್ದಾರೆ.

“ಆಟೋ ಬೇಡ, ಬೇರೆ ಗಾಡೀಲಿ ಬನ್ನಿ ಅಂದವ್ರೆ ಬುದ್ಧಿ ನಿಮ್ಮ ಮ್ಯಾನೇಜರ್ರು, ಅಂದೆ. ‘ಬೇರೆ ಗಾಡಿ ಯಾವುದೈತೆ?’ ಅಂದ್ರು ಸಾಹುಕಾರ್ರು. ನಾನು ಜೀಪ್ ತೋರಿಸ್ದೆ. ಅದು ಬೇರೆ ಗಾಡಿ ಅಲ್ವೇನ್ಲಾ?” ಎಂದು ಪುಟ್ಟತಾಯಮ್ಮ ಸೌಟು ಪಾತ್ರೆಗೆ ಬಡಿದರು. “ಹತ್ಕೊಳ್ಳಿ ಅಂದ್ರು. ಹತ್ತುದ್ವಿ. ಮ್ಯಾನೇಜರ್ರು ಅದಕ್ಕೂ ನಕ್ರು ಪಾಪ. ಹಿಂದ್ಗಡೆ ಸೀಟು ಬಲು ಮೆತ್ತಗದೆ ಕಣ್ಲಾ.”

ಸೈನ್ ಮಾಡಲೆಂದು ನಾಲ್ವರೂ ಕಾರ್ಖಾನೆಯ ಗೇಟಿನ ಹೊರಗೇ, ಅಂಗಳದವರಿಗೆ ಕಾಣದಂತೆ, ಇಳಿದುಕೊಂಡರು. ಅಂಗಳಕ್ಕೆ ಬಂದು ನಿಂತಾಗ ಜೀಪಿನಿಂದ ಇಳಿದವರು ಇಬ್ಬರು ಗಂಡಸರು ಮಾತ್ರ. ಅಷ್ಟೇ ಕಥೆ. ನನ್ನ ತಲೆಗೆ ಹಾಕಿ ಎಂದ ಹಾರವನ್ನು ಯಾರಿಗೆ ಹಾಕಬೇಕೋ ನೀವೇ ನೋಡಿ. ಇಡೀ ಉಪಾಯ ಯಾರ ತಲೆಯಲ್ಲಿ ಹುಟ್ಟಿತು ಎಂದು ಕೇಳಿದ್ದಕ್ಕೆ ಪುಟ್ಟತಾಯಮ್ಮ, “ಮಾವಿನಕಾಯಿ ತಿಂದಾಗ ಹೊಳೀತು,” ಅಂದರು.

ಮ್ಯಾನೇಜರರ ಕಚೇರಿಗೆ ಆಮೇಲೆ ನಾನು ಹೋಗಲಿಲ್ಲ. ಅವರೂ ಕರೆಯಲಿಲ್ಲ. ಮೊದಲ ಜಾಗದಲ್ಲಿ ಹಳದಿ ಬಣ್ಣದಲ್ಲಿ ಕುಬೇರ ಎಂದು ಯಾರೂ ಬರೆಯಲಿಲ್ಲ.

ಈ ಇಡೀ ವಿಷಯದಲ್ಲಿ ನಾನು ನಿಜವಾಗಿ ಮಾಡಿದ್ದು ಒಂದೇ. ಮಂಗಳವಾರ ಎಂದಿನಂತೆ ಎಲ್ಲರಿಗಿಂತ ಮುಂಚೆ ಬಂದೆ. ಧೂಳೆಬ್ಬಿಸಲಿಲ್ಲ. ಎಂಜಿನ್ ಆರಿಸಿ, ಬೈಕನ್ನು ತಳ್ಳಿಕೊಂಡು ಮೊದಲ ಜಾಗ ದಾಟಿ, ಅಂಗಳದ ಕೊನೆಗೆ, ಕಸದ ತೊಟ್ಟಿಯ ಪಕ್ಕ, ಬಿಸಿಲಿನಲ್ಲಿ ನಿಲ್ಲಿಸಿದೆ. ಸಣ್ಣೇಗೌಡರು ನೋಡಿದರು. ಎದ್ದು ನಿಂತು ಸೈನ್ ಮಾಡಲು ಪೆನ್ನು ಅವರೇ ಕೈಗಿಟ್ಟರು. ಆಮೇಲೆ ಆಟೋ ಬಂತು. ಖಾಲಿ ಜಾಗದ ಮುಂದೆ ಒಂದು ಗಳಿಗೆ ನಿಂತು, ಒಳಗೆ ಸೇರಿಕೊಂಡಿತು. ನಾಲ್ವರು ಇಳಿದರು. ಯಾರು ಮೊದಲು ಇಳಿದರು, ಯಾರು ಕೈ ಹಿಡಿದು ಇಳಿದರು, ನಾನು ನೋಡಲಿಲ್ಲ. ಗೋಡೆಯ ಕಡೆ ತಿರುಗಿಕೊಂಡು ಕನ್ನಡಕ ಒರೆಸುತ್ತಿದ್ದೆ. ಹಿಂದೆ ಒಂದೊಂದೇ ಸ್ಟ್ಯಾಂಡ್ ತೆಗೆಯುವ ಸದ್ದು, ಚಕ್ರಗಳು ಒಂದು ಮೊಳ ಸರಿಯುವ ಸದ್ದು ಕೇಳಿಸಿತು.

ಮಧ್ಯಾಹ್ನ ಹೊಸ ಸೂಪರ್‌ವೈಸರ್ ನನ್ನ ಬೆಂಚಿನ ಹತ್ತಿರ ಬಂದು ಎಡಗಡೆಯ ಬುಟ್ಟಿಯಲ್ಲಿ ಕೈಯಾಡಿಸಿದರು.

“ಏನೋ ಕುಬೇರ, ನಿನ್ನ ಸೀಟು ಸುಡ್ತಿದೆಯಾ?”

“ಸುಡ್ತಿದೆ ಅಕ್ಕ,” ಅಂದೆ. “ದೋಸೆ ಹುಯ್ಯಬಹುದು.”

ಕಸ್ತೂರಕ್ಕ ನಕ್ಕರು. ನಾನು ಬೇರೇನೂ ಕೇಳಲಿಲ್ಲ.